ಪದಕ್ಕಿಷ್ಟು ಪೈಸೆ

ಕಳೆದ ರಾಜ್ಯೋತ್ಸವದ ಮರುದಿನ ನಮ್ಮ ಸಂಘದ ಗ್ರಂಥಾಲಯದಲ್ಲಿ ನಾಲ್ಕಾರು ಮಂದಿ ಕುಳಿತು ಚಹಾ ಕುಡಿಯುತ್ತಿದ್ದಾಗ ಹಿರಿಯ ಮಿತ್ರರೊಬ್ಬರು ನನ್ನತ್ತ ತಿರುಗಿ, “ರಾಯರೇ, ನೀವು ಏನೇ ಹೇಳಿ, ಸರಸ್ವತಿಯನ್ನು ತೂಕಕ್ಕೆ ಹಾಕಿ ಮಾರಿದವರು ನೀವು” ಎಂದರು. ನೋಯಿಸಬೇಕೆಂದು ಆಡಿದ ಮಾತಲ್ಲ. ಅವರು ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು. ತಿಂಗಳ ಕೊನೆಗೆ ಅವರ ಖಾತೆಗೆ ಪಿಂಚಣಿ ಬಂದು ಬೀಳುತ್ತದೆ. ಕವಿತೆ ಬರೆಯುತ್ತಾರೆ, ಒಳ್ಳೆಯ ಕವಿತೆಗಳನ್ನೇ ಬರೆಯುತ್ತಾರೆ. ನಾನು ನಕ್ಕು ಸುಮ್ಮನಾದೆ. ಆದರೆ ಆ ಮಾತು ಡೊಂಬಿವಲಿಯವರೆಗೆ ಲೋಕಲ್ ಗಾಡಿಯಲ್ಲಿ ನನ್ನ ಪಕ್ಕದಲ್ಲೇ ನಿಂತುಕೊಂಡು ಬಂತು. ತೂಕಕ್ಕೆ ಹಾಕಿದ್ದು ನಿಜ. ತಕ್ಕಡಿ ಯಾರದು, ತೂಕದ ಕಲ್ಲು ಎಲ್ಲಿಂದ ಬಂದದ್ದು ಎಂದು ಮಾತ್ರ ಅವರು ಕೇಳಲಿಲ್ಲ. ಕೇಳದಿದ್ದುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಾನು ಬರೆಯಲು ತೊಡಗಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಊರಿನ ವಾರಪತ್ರಿಕೆಯೊಂದು ಲೇಖನವನ್ನು ಅಚ್ಚುಮಾಡಿ, ಎರಡು ತಿಂಗಳ ಮೇಲೆ ಮನಿಯಾರ್ಡರಿನಲ್ಲಿ ಮೂವತ್ತೋ ನಲವತ್ತೋ ರೂಪಾಯಿ ಕಳಿಸುತ್ತಿತ್ತು. ಅದು ಸಂಬಳದ ಮೇಲೆ ದೊರೆಯುವ ಸಂತೋಷವಾಗಿತ್ತೇ ಹೊರತು ಅದರಿಂದ ಅಕ್ಕಿ ತಂದವನಲ್ಲ. 2009ರಲ್ಲಿ ನಾನು ಗುಮಾಸ್ತನಾಗಿದ್ದ ಫೋರ್ಟಿನ ಖಾಸಗಿ ಕಚೇರಿ ಬಾಗಿಲು ಹಾಕಿತು. ಸಂಬಳ ಹೋಯಿತು, ಬರೆಯುವ ಚಟ ಉಳಿಯಿತು. ಮಗಳು ಆಗ ಹನ್ನೊಂದನೆಯ ತರಗತಿಯಲ್ಲಿದ್ದಳು. ಅಂತರಜಾಲದಲ್ಲಿ ಲೇಖನಗಳಿಗೆ ಗಿರಾಕಿಗಳಿದ್ದಾರೆ, ಇಂಗ್ಲಿಷ್ ಬಂದರೆ ಸಾಕು ಎಂದು ಕಟ್ಟಡದ ಹುಡುಗನೊಬ್ಬ ದಾರಿ ತೋರಿಸಿದ. ದರ ಪದಕ್ಕೆ 25 ಪೈಸೆ. ಐನೂರು ಪದದ ಲೇಖನಕ್ಕೆ 125 ರೂಪಾಯಿ. ಹೆಸರು ಬರುವುದಿಲ್ಲ, ಹಕ್ಕು ಉಳಿಯುವುದಿಲ್ಲ, ಯಾರು ಓದಿದರೆಂದು ತಿಳಿಯುವುದಿಲ್ಲ.

ಏನು ಬರೆದೆ ಎಂದು ಕೇಳಿದರೆ ಈಗಲೂ ನಗು ಬರುತ್ತದೆ. ಅಮೆರಿಕದ ಹೂಸ್ಟನ್ ನಗರದಲ್ಲಿ ಸೋರುವ ಛಾವಣಿಯನ್ನು ದುರಸ್ತಿ ಮಾಡಿಸುವಾಗ ಗಮನಿಸಬೇಕಾದ ಸಂಗತಿಗಳ ಕುರಿತು ಒಂದೇ ವಾರದಲ್ಲಿ ಹನ್ನೊಂದು ಲೇಖನಗಳನ್ನು ಬರೆದಿದ್ದೇನೆ. ಜುಲೈ ತಿಂಗಳು, ನಮ್ಮ ಮನೆಯ ಅಡುಗೆಕೋಣೆಯಲ್ಲಿ ಮಳೆನೀರಿಗೆ ಎರಡು ಬೋಗುಣಿ ಇಟ್ಟಿದ್ದೆವು. ಹೂಸ್ಟನ್ ಎಂಬ ಪದ ಇಂತಿಷ್ಟು ಬಾರಿ, ಛಾವಣಿ ಎಂಬ ಪದ ಇಂತಿಷ್ಟು ಬಾರಿ ಬರಬೇಕೆಂಬ ಕಟ್ಟಳೆ ಇತ್ತು. ಆ ಲೇಖನಗಳನ್ನು ಓದಬೇಕಾದದ್ದು ಮನುಷ್ಯನಲ್ಲ, ಗೂಗಲ್ಲಿನ ಹುಡುಕಾಟದ ಯಂತ್ರ. ಅದು ಮೆಚ್ಚಿ ಪುಟವನ್ನು ಮೇಲಕ್ಕೆತ್ತಿದರೆ ಜಾಹೀರಾತಿನ ಹಣ ಯಾರಿಗೋ ಸೇರುತ್ತಿತ್ತು.

ಅಮೆರಿಕದಲ್ಲಿ ಇದೊಂದು ಭಾರೀ ಉದ್ಯಮವೇ ಆಗಿತ್ತು. ಹೀಗೆ ಅಗ್ಗದ ಲೇಖನಗಳನ್ನು ರಾಶಿ ಹಾಕುತ್ತಿದ್ದ ಡಿಮಾಂಡ್ ಮೀಡಿಯಾ ಎಂಬ ಕಂಪನಿ 2011ರ ಜನವರಿಯಲ್ಲಿ ಷೇರುಪೇಟೆಗೆ ಇಳಿದ ದಿನವೇ ಅದರ ಮಾರುಕಟ್ಟೆ ಮೌಲ್ಯ ನ್ಯೂಯಾರ್ಕ್ ಟೈಮ್ಸ್ ಕಂಪನಿಯದನ್ನು ಮೀರಿಸಿತು. ಮರುತಿಂಗಳು ಗೂಗಲ್ ತನ್ನ ಹುಡುಕಾಟದ ಸೂತ್ರವನ್ನು ಬದಲಿಸಿತು. ‘ಪಾಂಡಾ’ ಎಂದು ಹೆಸರಾದ ಆ ಬದಲಾವಣೆಯಿಂದ ಜೊಳ್ಳು ಲೇಖನಗಳ ಪುಟಗಳು ಕೆಳಕ್ಕೆ ಕುಸಿದವು. ನ್ಯಾಯವಾದ ಕ್ರಮವೇ, ಆ ಲೇಖನಗಳು ಜೊಳ್ಳೆಂಬುದು ಬರೆದ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅದರ ಏಟು ಡೊಂಬಿವಲಿಯವರೆಗೂ ಬಂತು. ಎರಡು ತಿಂಗಳು ಕೆಲಸವಿಲ್ಲದೆ ಕುಳಿತೆ. ಅದೇ ಮಾರ್ಚಿನಲ್ಲಿ, ಪೇಪಾಲ್ ಮೂಲಕ ಹೊರದೇಶದಿಂದ ಬರುವ ಹಣ ಒಂದು ಬಾರಿಗೆ 500 ಡಾಲರ್ ಮೀರಬಾರದೆಂಬ ಮಿತಿ ಜಾರಿಯಾದಾಗ ಈ ದಂಧೆಯ ತರುಣರು ಗಾಬರಿಯಾದರು. ನಾನು ನಿಶ್ಚಿಂತನಾಗಿದ್ದೆ. ನನ್ನ ಇಡೀ ತಿಂಗಳ ಗಳಿಕೆ ಅದರ ಕಾಲುಭಾಗವನ್ನು ದಾಟಿದ್ದೇ ಅಪರೂಪ.

ಏರಿನ ದಿನಗಳೂ ಇದ್ದವು. ಅವನ್ನು ಮರೆಮಾಚಿದರೆ ತಪ್ಪಾಗುತ್ತದೆ. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ, ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿ ಅಲ್ಲಿಗೆ ಹೋಗಿ ಅಕ್ಷರ ಕಲಿತ ನಮ್ಮ ಕರಾವಳಿಯ ಹುಡುಗರ ಬಗ್ಗೆ, ಇಂಗ್ಲಿಷ್ ಜಾಲತಾಣವೊಂದಕ್ಕೆ ದೀರ್ಘ ಲೇಖನ ಬರೆದೆ. ನನ್ನ ಹೆಸರಿನಲ್ಲೇ ಪ್ರಕಟವಾಯಿತು. ನಾಲ್ಕು ಸಾವಿರ ರೂಪಾಯಿ ಬಂತು. ಶಾರ್ಜಾದಿಂದ ಒಬ್ಬರು ಫೋನು ಮಾಡಿ, ತಾವೂ ಅಂಥ ಶಾಲೆಯಲ್ಲೇ ಎಸ್ಸೆಸ್ಸೆಲ್ಸಿ ಮಾಡಿದವರೆಂದು ಹೇಳಿ ಮಾತು ಮುಂದುವರಿಸಲಾಗದೆ ಅತ್ತರು. ವಾರಪತ್ರಿಕೆಯಲ್ಲಿ ಬರೆದಿದ್ದರೆ ಆ ಫೋನು ಬರುತ್ತಿರಲಿಲ್ಲ. ಮೂರು ವರ್ಷಗಳ ತರುವಾಯ ಆ ಜಾಲತಾಣ ಮುಚ್ಚಿತು. ಲೇಖನವೂ ಅದರೊಡನೆ ಹೋಯಿತು. ನನ್ನ ಬಳಿ ಉಳಿದಿರುವುದು ಮಗಳು ಅಚ್ಚುಹಾಕಿ ಕೊಟ್ಟ ಆರು ಹಾಳೆ. 1986ರ ವಾರಪತ್ರಿಕೆಯ ಸಂಚಿಕೆ ಮಾತ್ರ ಗೆದ್ದಲಿನಿಂದ ತಪ್ಪಿಸಿಕೊಂಡು ಟ್ರಂಕಿನಲ್ಲಿ ಇನ್ನೂ ಇದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಮುಂದಿನದು. ಅಗ್ಗದ ಮೊಬೈಲು ಬಂದು ಜನ ಕನ್ನಡದಲ್ಲೇ ಓದತೊಡಗಿದ ಮೇಲೆ ಕನ್ನಡ ಲೇಖನಗಳಿಗೂ ಬೇಡಿಕೆ ಹುಟ್ಟಿತು. ನಾನು ಹಿಗ್ಗಿದೆ. ಹೂಸ್ಟನ್ನಿನ ಛಾವಣಿಯಿಂದ ಬಿಡುಗಡೆ ದೊರೆಯಿತು, ಇನ್ನು ನನ್ನ ಭಾಷೆಯಲ್ಲಿ ದುಡಿಯಬಹುದು ಎಂದುಕೊಂಡೆ. ದರ ಪದಕ್ಕೆ 40 ಪೈಸೆ. ಇಂಗ್ಲಿಷಿಗೂ ಅಷ್ಟೇ, ಕನ್ನಡಕ್ಕೂ ಅಷ್ಟೇ. ಕೇಳಲು ಎಷ್ಟು ಸಮಾನವಾಗಿದೆ! ಒಂದು ತಿಂಗಳು ದುಡಿದ ಮೇಲೆ ಲೆಕ್ಕ ಕೈಕೊಟ್ಟಿತು. ಇಂಗ್ಲಿಷಿನಲ್ಲಿ ‘ಈವನ್ ಫ್ರಮ್ ಇನ್‌ಸೈಡ್ ದ ಹೌಸ್’ ಎಂದರೆ ಐದು ಪದ, ಎರಡು ರೂಪಾಯಿ. ಕನ್ನಡದಲ್ಲಿ ‘ಮನೆಯೊಳಗಿನಿಂದಲೂ’ ಎಂದರೆ ಒಂದೇ ಪದ, 40 ಪೈಸೆ. ವಿಭಕ್ತಿಯನ್ನೂ ಅವ್ಯಯವನ್ನೂ ಒಡಲೊಳಗೆ ಇಟ್ಟುಕೊಂಡು ಬೆಳೆದ ಭಾಷೆ ನಮ್ಮದು. ತಮಿಳು, ತೆಲುಗು, ಮಲಯಾಳಗಳೂ ಹಾಗೆಯೇ. ಒಮ್ಮೆ ನಾನೇ ಅನುವಾದಿಸಿದ ಸಾವಿರ ಪದಗಳ ಇಂಗ್ಲಿಷ್ ಲೇಖನ ಕನ್ನಡದಲ್ಲಿ ಏಳುನೂರರ ಆಸುಪಾಸಿನಲ್ಲಿ ನಿಂತಿತು. ಒಂದು ಮಾತೂ ಬಿಟ್ಟುಹೋಗಿರಲಿಲ್ಲ. ಅನುವಾದದ ವ್ಯವಹಾರ ಬಲ್ಲವರು ಇದಕ್ಕಾಗಿಯೇ ಮೂಲಭಾಷೆಯ ಪದಗಳನ್ನು ಎಣಿಸುತ್ತಾರೆ. ಸ್ವಂತ ಲೇಖನ ಬರೆಯುವವನಿಗೆ ಎಣಿಸಲು ಮೂಲವೆಲ್ಲಿದೆ?

ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಸಂಧಿಗಳನ್ನು ಒಡೆಯತೊಡಗಿದೆ. ‘ಮನೆಯೊಳಗಿನಿಂದಲೂ’ ಎನ್ನುವಲ್ಲಿ ‘ಮನೆಯ ಒಳಗಿನಿಂದ ಕೂಡ’ ಎಂದು ಬರೆದೆ, ಮೂರು ಪದ. ‘ಬರಲಾಗದಿದ್ದುದರಿಂದ’ ಎಂಬುದು ‘ಬರಲು ಆಗದೆ ಇದ್ದ ಕಾರಣದಿಂದ’ ಎಂದಾಯಿತು. 40 ಪೈಸೆಯದು ಒಂದು ರೂಪಾಯಿ 60 ಪೈಸೆಗೆ ಏರಿತು. ಎರಡು ನಾಮಪದಗಳ ನಡುವೆ ‘ಮತ್ತು’ ತುರುಕಿದೆ. ಕುಂದಾಪುರದ ಶಾಲೆಯಲ್ಲಿ ಲೋಪ, ಆಗಮ, ಆದೇಶಗಳನ್ನು ಬೆತ್ತದ ತುದಿಯಲ್ಲಿ ಕಲಿಸಿದ ನನ್ನ ಮೇಷ್ಟ್ರು ಬದುಕಿದ್ದು ಅದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ. ಕೆಲವೇ ತಿಂಗಳಲ್ಲಿ ಈ ಒಡಕು ಕನ್ನಡ ಕೈಗೆ ಎಷ್ಟು ಅಭ್ಯಾಸವಾಯಿತೆಂದರೆ, ತಂಗಿಗೆ ಬರೆದ ಕಾಗದದಲ್ಲೂ ಅದೇ ಇಣುಕಿತು. “ಅಣ್ಣಾ, ಇದೇನು ಸರ್ಕಾರಿ ಸುತ್ತೋಲೆಯ ಹಾಗೆ ಬರೆದಿದ್ದೀಯ?” ಎಂದು ಅವಳು ಕೇಳಿದಳು. ಜಾಲತಾಣಗಳ ಕನ್ನಡ ಸತ್ವಹೀನವಾಗಿದೆ ಎಂದು ಗೋಷ್ಠಿಗಳಲ್ಲಿ ಮರುಗುವವರು ಇಂಗ್ಲಿಷ್ ಮಾಧ್ಯಮವನ್ನು ದೂರುತ್ತಾರೆ, ಹೊಸ ಪೀಳಿಗೆಯನ್ನು ದೂರುತ್ತಾರೆ. ದರಪಟ್ಟಿಯನ್ನು ದೂರಿದವರನ್ನು ನಾನು ಕಂಡಿಲ್ಲ. ಬೇರೊಂದು ಭಾಷೆಯ ಅಳತೆಗೋಲಿನಿಂದ ಕೂಲಿ ಅಳೆದರೆ ಭಾಷೆಯ ಮೈಕಟ್ಟು ಆ ಕೋಲಿಗೆ ತಕ್ಕಂತೆ ಬಾಗುತ್ತದೆ ಎಂಬುದಕ್ಕೆ ನನ್ನ ಕೈಯೇ ಸಾಕ್ಷಿ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಿನ ಕಥೆ ಚಿಕ್ಕದು. ಛಾವಣಿಯ ಲೇಖನಗಳನ್ನು ಈಗ ಯಂತ್ರವೇ ಬರೆಯುತ್ತದೆ. ಬರೆಯಲಿ, ನನಗೆ ಹೊಟ್ಟೆಕಿಚ್ಚಿಲ್ಲ. ನನ್ನ ಪಾಲಿಗೆ ಬರುವುದು ಯಂತ್ರದ ಕನ್ನಡವನ್ನು ತಿದ್ದುವ ಕೆಲಸ, ಹಳೆಯ ದರದ ಮೂರನೆಯ ಒಂದು ಭಾಗಕ್ಕೆ. ಆ ಕನ್ನಡದಲ್ಲಿ ‘ಮನೆಯ ಒಳಗಿನಿಂದ ಕೂಡ’ ಎಂಬಂಥ ಸಾಲು ಕಂಡಾಗಲೆಲ್ಲ, ಇದು ನಮ್ಮಂಥವರಿಂದಲೇ ಕಲಿತದ್ದಿರಬಹುದೇ ಎಂಬ ಗುಮಾನಿ ಸುಳಿಯುತ್ತದೆ.

ಹಣ ಕೊಡದವರ ಪಟ್ಟಿಯನ್ನು ಬೆಳೆಸುವುದಿಲ್ಲ. ಜಾಲತಾಣವೊಂದು ಹದಿನೇಳು ಸಾವಿರ ಉಳಿಸಿಕೊಂಡಿದೆ ಎಂದಷ್ಟೇ ಹೇಳಿ, ಎರಡು ಮೊಕದ್ದಮೆಗಳತ್ತ ಬರುತ್ತೇನೆ. ಅಮೆರಿಕದ ಜೊನಾಥನ್ ಟಸೀನಿ ಎಂಬ ಸ್ವತಂತ್ರ ಬರಹಗಾರರು ನ್ಯೂಯಾರ್ಕ್ ಟೈಮ್ಸಿನ ಮೇಲೆ ದಾವೆ ಹೂಡಿದ್ದರು. ಪತ್ರಿಕೆಯಲ್ಲಿ ಅಚ್ಚಿಸಲೆಂದು ಕೊಟ್ಟ ಲೇಖನಗಳನ್ನು ಬರೆದವರ ಅನುಮತಿಯಿಲ್ಲದೆ ವಿದ್ಯುನ್ಮಾನ ಭಂಡಾರಗಳಿಗೆ ಕೊಟ್ಟದ್ದು ತಪ್ಪೆಂಬುದು ಅವರ ವಾದ. 2001ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಏಳಕ್ಕೆ ಎರಡರ ಬಹುಮತದಿಂದ ಬರಹಗಾರರ ಪರ ತೀರ್ಪಿತ್ತಿತು. ಹತ್ತು ವರ್ಷಗಳ ಮೇಲೆ ಹಫಿಂಗ್ಟನ್ ಪೋಸ್ಟ್ 31.5 ಕೋಟಿ ಡಾಲರಿಗೆ ಮಾರಾಟವಾದಾಗ, ಅದಕ್ಕೆ ಪುಕ್ಕಟೆಯಾಗಿ ಬರೆದುಕೊಟ್ಟಿದ್ದ ಸಾವಿರಾರು ಜನರ ಪರವಾಗಿ ಅದೇ ಟಸೀನಿ ಮತ್ತೆ ಕೋರ್ಟಿಗೆ ಹೋದರು. 2012ರಲ್ಲಿ ಆ ದಾವೆ ವಜಾ ಆಯಿತು. ಹಣವಿಲ್ಲವೆಂದು ತಿಳಿದೇ ಬರೆದುಕೊಟ್ಟವರು ಅನಂತರ ಪಾಲು ಕೇಳುವಂತಿಲ್ಲ ಎಂಬುದು ಅದರ ಸಾರ. ಮೊದಲ ಬಾರಿ ಗೆಲ್ಲಿಸಿದ್ದು, ಕೊಟ್ಟದ್ದೆಷ್ಟು ಎಂಬುದಕ್ಕಿದ್ದ ಮಿತಿ. ಎರಡನೆಯ ಬಾರಿ ಸೋಲಿಸಿದ್ದು ಬರಹಗಾರರ ಔದಾರ್ಯ.

ನಮ್ಮ ಕಾನೂನು ಬರಹಗಾರನ ವಿಷಯದಲ್ಲಿ ಅಷ್ಟೇನೂ ಕಠೋರವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿ ಬಿದ್ದಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರವೆಂದೂ ತಿಳಿಯಬೇಕು. ಹಕ್ಕನ್ನು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ಉಳಿಸಿಕೊಡುತ್ತದೆ. ನಾನು ಇದನ್ನೆಲ್ಲ ಓದಿದ್ದು ನಾಲ್ಕುನೂರಕ್ಕೂ ಹೆಚ್ಚು ಲೇಖನಗಳನ್ನು ಬಾಯಿಮಾತಿನ ಮೇಲೆ ಕೊಟ್ಟುಬಿಟ್ಟ ನಂತರ.

ಇಷ್ಟು ಹೇಳಿ ಊರಾಚೆಯವರನ್ನು ಬೈದು ಮುಗಿಸಿದರೆ ನಮ್ಮ ಸಭೆ ಚಪ್ಪಾಳೆ ತಟ್ಟುತ್ತದೆ. ನಮ್ಮ ಮನೆಯ ಸಂಗತಿಯೇನು? ಹೊರನಾಡಿನ ಸಂಘಗಳು ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಖರ್ಚುಮಾಡಿ ಉತ್ಸವ ನಡೆಸುತ್ತವೆ. ಸಭಾಂಗಣಕ್ಕೆ ಬಾಡಿಗೆ, ಶಾಮಿಯಾನಕ್ಕೆ ಮುಂಗಡ, ಊಟದ ಗುತ್ತಿಗೆದಾರರಿಗೆ ಎಲೆಗಿಷ್ಟು ಎಂದು ಲೆಕ್ಕ. ಮೈಕಿನವನಿಗೆ ಹಣ ಕೊಡದೆ, ‘ನಿಮ್ಮದು ಕನ್ನಡದ ಸೇವೆ’ ಎಂದು ಶಾಲು ಹೊದಿಸಿ ಕಳಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಬರೆದವನಿಗೆ ಮಾತ್ರ ಆ ಶಾಲೇ ಸಂಭಾವನೆ. ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದ್ದನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಹೊತ್ತು ತಿರುಗಿದ್ದು ಮಾರುವುದಕ್ಕೆ ಎಂಬುದನ್ನು ಮರೆಯುತ್ತೇವೆ. ಅವರು ಬೆಲೆ ಹೇಳಿದರು, ಜನ ಕೊಟ್ಟು ಕೊಂಡರು. ಲೇಖನಿಯನ್ನೇ ನಂಬಿ ಬಾಳಿದ ಅನಕೃ ಅವರ ಬಗ್ಗೆಯೂ ನಾವು ಕಷ್ಟವನ್ನು ಕೊಂಡಾಡುತ್ತೇವೆಯೇ ಹೊರತು ಕೂಲಿಯ ಮಾತನ್ನು ಎತ್ತುವುದಿಲ್ಲ.

ಈ ತ್ರೈಮಾಸಿಕದ ಸಂಪಾದಕ ಮಂಡಳಿಯಲ್ಲಿ ನಾನೂ ಆರು ವರ್ಷ ಇದ್ದೆ. ಆ ಆರು ವರ್ಷಗಳಲ್ಲಿ ಮುದ್ರಕರಿಗೆ, ಕಾಗದದವರಿಗೆ, ಅಂಚೆಗೆ ಹಣ ಸಂದಾಯವಾಯಿತು. ಒಬ್ಬ ಲೇಖಕರಿಗೂ ಒಂದು ರೂಪಾಯಿ ಹೋಗಲಿಲ್ಲ. ಆ ಪ್ರಶ್ನೆಯನ್ನು ನಾನು ಎತ್ತಲೂ ಇಲ್ಲ. ಪುಣೆಯಿಂದ ಒಬ್ಬಳು ತರುಣಿ, ಗಿರಣಿ ಕಾರ್ಮಿಕನ ಮೊಮ್ಮಗಳು, ತನ್ನ ಅಜ್ಜನ ಬಗ್ಗೆ ಸೊಗಸಾದ ಲೇಖನ ಕಳಿಸಿದ್ದಳು. ಕೆಳಗೆ ಒಂದು ಸಾಲು: ‘ಸಂಭಾವನೆ ಎಷ್ಟೆಂದು ದಯವಿಟ್ಟು ತಿಳಿಸಿ.’ ಸಮಿತಿಯಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿ ನಕ್ಕೆವು. ನಗುವಿನಲ್ಲಿ ನನ್ನ ಪಾಲೂ ಇತ್ತು. ಆ ರಾತ್ರಿ ಮನೆಗೆ ಹೋಗಿ ಪದಕ್ಕೆ 40 ಪೈಸೆಯ ಲೇಖನಕ್ಕೆ ಕುಳಿತವನೂ ನಾನೇ. ಅವಳಿಗೆ ನಾವು ಉತ್ತರ ಬರೆಯಲಿಲ್ಲ. ಲೇಖನ ಅಚ್ಚಾಯಿತು. ಅನಂತರ ಅವಳು ನಮಗೆ ಬರೆಯಲಿಲ್ಲ.

ಮಿತ್ರರ ಸರಸ್ವತಿಯ ಮಾತಿಗೆ ಉತ್ತರ ಹುಡುಕುತ್ತಾ ಹಳೆಯ ಕಡತದಿಂದ ಆ ತರುಣಿಯ ನಂಬರು ತೆಗೆದು ಮೊನ್ನೆ ಫೋನು ಮಾಡಿದೆ. ಈಗ ಒಂದು ಕಂಪನಿಗೆ ಇಂಗ್ಲಿಷಿನಲ್ಲಿ ಬರೆದುಕೊಡುತ್ತಾಳೆ. ಕ್ಷಮೆ ಕೇಳಿದೆ. ಅವಳು ಅದನ್ನು ಬೆಳೆಸದೆ, “ಇರಲಿ ಸರ್, ಅಜ್ಜಿಯ ಬಗ್ಗೆಯೂ ಬರೆಯಬೇಕು ಅಂತಿದೆ. ಏನು ಕೊಡ್ತೀರಿ ಅಂತ ಮೊದಲೇ ಹೇಳಿಬಿಡಿ” ಎಂದಳು. ಪದಕ್ಕಿಷ್ಟು ಎಂದು ಹೇಳಬಾರದೆಂದು ನಾನು ಯೋಚಿಸುತ್ತಿರುವಾಗಲೇ ಅವಳೇ ಸೇರಿಸಿದಳು: “ಪದಕ್ಕೆ ಬೇಡ. ಲೇಖನಕ್ಕೆ ಹೇಳಿ.”

ಲೇಖನವೊಂದಕ್ಕೆ ಐನೂರು ರೂಪಾಯಿ, ಒಂದು ಬಾರಿ ಅಚ್ಚಿಸುವ ಹಕ್ಕು ಮಾತ್ರ ಪತ್ರಿಕೆಗೆ, ಮಿಕ್ಕೆಲ್ಲ ಹಕ್ಕು ಲೇಖಕರಿಗೆ ಎಂದು ಅರ್ಧ ಪುಟದ ಕರಡೊಂದನ್ನು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಮುಂದಿನ ಕಾರ್ಯಕಾರಿ ಸಮಿತಿಯ ವಿಷಯಸೂಚಿಯಲ್ಲಿ ಅದು ಏಳನೆಯದು, ಶಾಮಿಯಾನದ ಮುಂಗಡದ ನಂತರ.