ಸೋತವರ ಮನೆಯ ಕಥೆ

ಬೀದರಿನ ಕಡೆಯಿಂದ ಹೈದರಾಬಾದಿಗೆ ಬರುವ ಬಸ್ಸು ನಗರವನ್ನು ಹೊಗುವ ಮುನ್ನ ಪಟಾನ್‌ಚೆರುವನ್ನು ಹಾದು ಬರುತ್ತದೆ. ರಜೆಯಲ್ಲಿ ಊರಿಗೆ ಹೋಗಿಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಈ ಊರನ್ನು ಕಿಟಕಿಯಿಂದ ಕಂಡಿರಬೇಕು. ಕಾರ್ಖಾನೆಗಳು, ಸಾಲುಗಟ್ಟಿ ನಿಂತ ಲಾರಿಗಳು, 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಶೋಧನ ಸಂಸ್ಥೆಯ ವಿಶಾಲವಾದ ಹೊಲಗಳು, ಇಷ್ಟೇ ಕಣ್ಣಿಗೆ ಬೀಳುವುದು. ಆದರೆ ಕನ್ನಡಿಗನಾದವನು ಇಲ್ಲಿ ಒಂದು ಗಳಿಗೆ ತಲೆಯೆತ್ತಿ ನೋಡಲು ಕಾರಣವುಂಟು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ ಪೊಟ್ಟಲಕೆರೆ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಜಗದೇಕಮಲ್ಲನೆಂಬ ಬಿರುದಿನ ಎರಡನೆಯ ಜಯಸಿಂಹನು ಇಲ್ಲಿ ನೆಲೆವೀಡನ್ನು ಹೂಡಿ ಆಳಿದನು.

ಈ ಪೊಟ್ಟಲಕೆರೆಗೆ ಒಂದು ಕಥೆಯುಂಟು. ರಾಣಿ ಸುಗ್ಗಲೆಯು ಶಿವಭಕ್ತೆ, ಅರಸನು ಜೈನ. ರಾಣಿಯ ಗುರುವಾದ ಜೇಡರ ದಾಸಿಮಯ್ಯನು ಅರಸನ ಸಭೆಯಲ್ಲಿ ಜೈನರೊಡನೆ ವಾದಮಾಡಿ ಗೆದ್ದನೆಂದೂ, ಅರಸನು ಶೈವನಾದನೆಂದೂ, ಬಸದಿಗಳು ನೆಲಸಮವಾದುವೆಂದೂ ಪುರಾಣಗಳು ವಿಜಯದ ಉತ್ಸಾಹದಿಂದ ಹಾಡುತ್ತವೆ. ಇದು ನಡೆದ ಚರಿತ್ರೆಯೋ, ಮುಂದಿನ ಕವಿಗಳ ಭಕ್ತಿಯ ಕಲ್ಪನೆಯೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ದಾಸಿಮಯ್ಯನ ವಚನಗಳ ಹಿರಿಮೆಗೆ ಈ ಕಥೆಯಿಂದ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಚಿಕ್ಕಂದಿನಲ್ಲಿ ಈ ಕಥೆಯನ್ನು ಕೇಳಿ ನಾವು ಹಿಗ್ಗಿದೆವು. ಬಸದಿಯು ಬಿದ್ದ ಸಂಜೆ ಅದರ ಪಕ್ಕದ ಮನೆಯಲ್ಲಿದ್ದ ಜೈನ ಗೃಹಸ್ಥನು ತನ್ನ ಮಕ್ಕಳನ್ನು ಎಲ್ಲಿಗೆ ಕರೆದೊಯ್ದನು, ಅವನ ನೆರೆಯವನಾದ ಶೈವನು ಬಾಗಿಲನ್ನು ತೆರೆದನೋ ಅಗುಳಿ ಹಾಕಿದನೋ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಪಟಾನ್‌ಚೆರುವಿನಲ್ಲಿ ದೊರೆತ ಜಿನಬಿಂಬಗಳನ್ನು ಇಂದು ಹೈದರಾಬಾದಿನ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಅವನ್ನು ಪೂಜಿಸಿದವರ ಕಥೆಯನ್ನು ಮಾತ್ರ ಯಾರೂ ಬರೆದಂತಿಲ್ಲ.

ನಿಜವನ್ನು ಹೇಳಬೇಕಾದರೆ, ಈ ಪ್ರಶ್ನೆಯು ನನ್ನಲ್ಲಿ ಹುಟ್ಟಿದುದು ಪುರಾಣವನ್ನು ಓದಿದಾಗಲ್ಲ, ದೂರದೇಶದ ಯೆಹೂದ್ಯರನ್ನು ಕುರಿತ ಒಂದು ಕನ್ನಡ ಕಾದಂಬರಿಯನ್ನು ಓದಿದಾಗ. 2007ರಲ್ಲಿ ಪ್ರಕಟವಾದ ನೇಮಿಚಂದ್ರ ಅವರ 'ಯಾದ್ ವಶೇಮ್' ಆ ಪುಸ್ತಕ. 1933ರಲ್ಲಿ ಜರ್ಮನಿಯ ಅಧಿಕಾರವು ಹಿಟ್ಲರನ ಕೈಸೇರಿತು. ಮೊದಲು ಯೆಹೂದ್ಯರ ಉದ್ಯೋಗಗಳು ಹೋದುವು. 1935ರ ನ್ಯೂರೆಂಬರ್ಗ್ ಕಾನೂನುಗಳಿಂದ ಪೌರತ್ವವು ಹೋಯಿತು. ಆಮೇಲೆ ಮನೆಗಳು ಹೋದುವು, ಕೊನೆಗೆ ಪ್ರಾಣಗಳೇ ಹೋದುವು. 1945ರಲ್ಲಿ ಯುದ್ಧವು ಮುಗಿಯುವ ವೇಳೆಗೆ ಸುಮಾರು 60 ಲಕ್ಷ ಯೆಹೂದ್ಯರು ಹತರಾಗಿದ್ದರು. ಕಾದಂಬರಿಯ ಹುಡುಗಿ ಹ್ಯಾನಾ ಈ ಉರಿಯಿಂದ ತಂದೆಯೊಡನೆ ತಪ್ಪಿಸಿಕೊಂಡು ಬೆಂಗಳೂರನ್ನು ಸೇರುತ್ತಾಳೆ. ಕನ್ನಡದ ಮನೆಯೊಂದು ಅವಳನ್ನು ತನ್ನವಳನ್ನಾಗಿ ಮಾಡಿಕೊಳ್ಳುತ್ತದೆ. ಹಿಂದೆ ಉಳಿದವರು ಏನಾದರೆಂಬ ಕೊರಗು ಅವಳನ್ನು ಬಿಡುವುದಿಲ್ಲ. ಮುಪ್ಪಿನಲ್ಲಿ ಅವರನ್ನು ಅರಸಿ ಹೊರಡುತ್ತಾಳೆ. ಪುಸ್ತಕದ ಹೆಸರು ಹೀಬ್ರೂ ಭಾಷೆಯದು. ಜೆರೂಸಲೇಮಿನಲ್ಲಿ ಹತರಾದ ಯೆಹೂದ್ಯರ ನೆನಪಿಗಾಗಿ ನಿಂತಿರುವ ಸಂಸ್ಥೆಗೂ ಅದೇ ಹೆಸರು.

ಇದು ಕೇವಲ ಕಲ್ಪನೆಯೆಂದು ತಿಳಿಯಬೇಡಿರಿ. ಹ್ಯಾನಾ ಕಲ್ಪನೆಯ ಹುಡುಗಿಯಾದರೂ ಅವಳು ಬಂದ ದಾರಿಯು ನಿಜವಾದುದು. ಗಟ್ಟಿಂಗೆನ್ ವಿಶ್ವವಿದ್ಯಾನಿಲಯದ ಹೆಸರಾಂತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1933ರಲ್ಲಿ ಯೆಹೂದ್ಯನೆಂಬ ಕಾರಣಕ್ಕೆ ಕೆಲಸವನ್ನು ಕಳೆದುಕೊಂಡರು. ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ಇದ್ದರು. ಅವರನ್ನು ಅಲ್ಲಿಯೇ ಕಾಯಂ ಆಗಿ ಉಳಿಸಿಕೊಳ್ಳಬೇಕೆಂಬುದು ರಾಮನ್ನರ ಆಸೆ. ಅಧ್ಯಾಪಕರ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದುನಿಂತು, ಸ್ವಂತ ದೇಶವೇ ಹೊರಗಟ್ಟಿದ ಎರಡನೆಯ ದರ್ಜೆಯ ಪರಕೀಯನು ನಮಗೇಕೆ ಎಂಬ ಅರ್ಥದ ಮಾತನಾಡಿದರು. ಬಾರ್ನರು ಆ ಸಭೆಯಲ್ಲಿಯೇ ಕುಳಿತಿದ್ದರು! ಈ ನೋವನ್ನು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಅವರಿಗೆ ಬೆಂಗಳೂರಿನಲ್ಲಿ ಸ್ಥಾನವು ದೊರೆಯಲಿಲ್ಲ. 1954ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಬರ್ಲಿನ್ನಿನ ಇನ್ನೊಬ್ಬ ಯೆಹೂದ್ಯ, ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್, 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಯನ್ನು ಸೇರಿದರು. ಅದೇ ವಿಜ್ಞಾನ ಮಂದಿರದಲ್ಲಿ ಅವರು ರೂಪಿಸಿದ ಕಟ್ಟಡಗಳು ನಿಂತಿವೆ. ಒಂದೇ ಊರು, ಒಂದೇ ಕಾಲ. ಒಬ್ಬನಿಗೆ ಬಾಗಿಲು ತೆರೆಯಿತು, ಒಬ್ಬನಿಗೆ ಅರ್ಧ ತೆರೆದು ಮುಚ್ಚಿತು. ಮುಚ್ಚಿದವರು ನಾಜಿಗಳಲ್ಲ, ಸುಶಿಕ್ಷಿತರಾದ ಅಧ್ಯಾಪಕರು.

ಐತಿಹಾಸಿಕ ಕಾದಂಬರಿಯಿಂದ ನಾವು ಬೇಡಬೇಕಾದುದು ಈ ಬಾಗಿಲ ಬಳಿಯ ಕಥೆಯನ್ನು ಎಂಬುದು ನನ್ನ ಅಭಿಪ್ರಾಯ. ಕ್ರೂರಿಯಾದ ಅರಸನನ್ನು ಕ್ರೂರಿಯೆಂದು ತೋರಿಸುವುದು ಕಷ್ಟದ ಕೆಲಸವಲ್ಲ. ಅಂಥ ಪುಸ್ತಕವನ್ನು ಮುಚ್ಚಿಟ್ಟು ನಾವು ಸುಖವಾಗಿ ನಿದ್ರಿಸುತ್ತೇವೆ, ಏಕೆಂದರೆ ನಮ್ಮಲ್ಲಿ ಯಾರೂ ಹಿಟ್ಲರರಲ್ಲ. ನೆರೆಯವನು, ಗುಮಾಸ್ತ, ಅಂಗಡಿಯವನು, ಮೇಷ್ಟ್ರು, ಇವರು ಏನು ಮಾಡಿದರೆಂದು ಓದುವಾಗ ನಿದ್ರೆ ಕೆಡುತ್ತದೆ. ಥಾಮಸ್ ಕೆನೀಲಿ ಎಂಬ ಆಸ್ಟ್ರೇಲಿಯದ ಲೇಖಕರು 1982ರಲ್ಲಿ ಬರೆದ 'ಷಿಂಡ್ಲರ್ಸ್ ಆರ್ಕ್' ಕಾದಂಬರಿಯ ನಾಯಕನು ನಾಜಿ ಪಕ್ಷದ ಸದಸ್ಯ, ಯುದ್ಧದಲ್ಲಿ ಹಣ ಮಾಡಲು ಹೊರಟ ವ್ಯಾಪಾರಿ, ಮದ್ಯಪ್ರಿಯ. ಅಂಥವನು ಮೆಲ್ಲಮೆಲ್ಲನೆ ತಿರುಗಿ, ಗಳಿಸಿದುದನ್ನೆಲ್ಲ ಲಂಚಕ್ಕೆ ಸುರಿದು, ಸುಮಾರು 1,200 ಯೆಹೂದ್ಯರನ್ನು ಉಳಿಸಿದನು. ಇದು ನಡೆದ ಸಂಗತಿ. ಲೇಖಕರು ಬದುಕುಳಿದವರನ್ನು ಕಂಡು ಕೇಳಿ ಬರೆದರು. ಷಿಂಡ್ಲರನನ್ನು ಸಂತನನ್ನಾಗಿ ಮಾಡಲು ಹೋಗಲಿಲ್ಲ.

ಇದಕ್ಕೆ ಎದುರಾಗಿ, 2006ರಲ್ಲಿ ಬಂದ ಜಾನ್ ಬಾಯ್ನ್ ಅವರ 'ದಿ ಬಾಯ್ ಇನ್ ದಿ ಸ್ಟ್ರೈಪ್ಡ್ ಪೈಜಾಮಾಸ್' ಎಂಬ ಬಹು ಜನಪ್ರಿಯವಾದ ಕಥೆಯನ್ನು ನೋಡಿರಿ. ನಿಮ್ಮಲ್ಲಿ ಕೆಲವರು ಅದರ ಚಲನಚಿತ್ರವನ್ನು ಕಂಡಿರಬಹುದು. ಸೆರೆಶಿಬಿರದ ಅಧಿಕಾರಿಯ ಮಗನೂ ಒಳಗಿನ ಯೆಹೂದ್ಯ ಹುಡುಗನೂ ಬೇಲಿಯ ಎರಡು ಬದಿಗಳಲ್ಲಿ ದಿನವೂ ಕುಳಿತು ಸ್ನೇಹ ಬೆಳೆಸುತ್ತಾರೆ. ಕಣ್ಣೀರು ಬರುವುದು ಸಹಜ. ಆದರೆ ಆಷ್‌ವಿಟ್ಸ್ ಶಿಬಿರಕ್ಕೆ ತಂದ ಯೆಹೂದ್ಯ ಮಕ್ಕಳಲ್ಲಿ ಬಹುಮಂದಿಯನ್ನು ಬಂದ ದಿನವೇ ವಿಷಾನಿಲದಿಂದ ಕೊಲ್ಲುತ್ತಿದ್ದರು. ಹೀಗೆ ಹರಟುತ್ತ ಕುಳಿತುಕೊಳ್ಳುವ ಬೇಲಿ ಅಲ್ಲಿರಲಿಲ್ಲ. ಕೊನೆಯಲ್ಲಿ ಓದುಗನು ಅಳುವುದಾದರೂ ಯಾರಿಗಾಗಿ? ಅಧಿಕಾರಿಯ ಮಗನಿಗಾಗಿ! ಈ ಚರಿತ್ರೆಯನ್ನು ಓದುವವರೂ ಕಲಿಸುವವರೂ ಈ ಪುಸ್ತಕವನ್ನು ದೂರವಿಡಬೇಕೆಂದು ಆಷ್‌ವಿಟ್ಸ್ ಸ್ಮಾರಕದವರೇ 2020ರಲ್ಲಿ ಬಹಿರಂಗವಾಗಿ ಹೇಳಿದರು. ಕಥೆಗಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿಲ್ಲವೇ ಎಂದು ಕೇಳುವಿರಿ. ಉಂಟು. ಹ್ಯಾನಾ ಕೂಡ ಕಲ್ಪನೆಯವಳೇ ಅಲ್ಲವೆ? ಸತ್ತವರಿಗೆ ಇಲ್ಲದಿದ್ದ ಸೌಕರ್ಯವನ್ನು ಕಲ್ಪಿಸಿ ನಮ್ಮ ಮನಸ್ಸನ್ನು ಹಗುರ ಮಾಡುವ ಸ್ವಾತಂತ್ರ್ಯವನ್ನು ಮಾತ್ರ ನಾನು ಒಪ್ಪಲಾರೆ.

ಜರ್ಮನಿಯ ಕಥೆಗೆ ನಮ್ಮಲ್ಲಿ ಓದುಗರುಂಟು. ನಮ್ಮ ನಾಡಿನ 1948ರ ಕಥೆಗೆ? ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನಾನು ಹೊರಟಿಲ್ಲ. ಒಂದು ಜನಾಂಗವನ್ನೇ ಕಾರ್ಖಾನೆಯ ಕ್ರಮದಿಂದ ಅಳಿಸಹೊರಟ ನಾಜಿಗಳ ಕೃತ್ಯವು ಬೇರೆ. ಆದರೂ ನೆರೆಯವನ ಬಾಗಿಲ ಪ್ರಶ್ನೆ ಇಲ್ಲಿಯೂ ಇತ್ತು. ರಜಾಕಾರರ ಹಾವಳಿಯಲ್ಲಿ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಗರು ಮನೆಮಠಗಳನ್ನು ಬಿಟ್ಟು ಗಡಿಯಾಚೆ ಓಡಿದುದನ್ನೂ, ಗೋರ್ಟಾ ಗ್ರಾಮದ ರಕ್ತಪಾತವನ್ನೂ ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಆ ಹಾವಳಿಯನ್ನು ಖಂಡಿಸಿ ಬರೆದ 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ಇದೇ ನಗರದಲ್ಲಿ ಕಡಿದು ಕೊಂದರು. ತನ್ನ ಮತದವರ ಹೆಸರಿನಲ್ಲಿ ನಡೆದ ಅನ್ಯಾಯವನ್ನು ತಾನೇ ಬರೆಯುವುದೆಂದರೆ ಎಷ್ಟು ಎದೆಗಾರಿಕೆ ಬೇಕು!

ಇಷ್ಟನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಸೆಪ್ಟೆಂಬರ್ 17ರಂದು ನಿಜಾಮನ ಸಂಸ್ಥಾನವು ಶರಣಾದ ಮೇಲೆ ನಡೆದುದನ್ನು ಹೇಳುವಾಗ ನಮ್ಮ ಧ್ವನಿ ತಗ್ಗುತ್ತದೆ. ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿಯು ಆ ವರ್ಷದ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಜಿಲ್ಲೆಗಳನ್ನು ಸುತ್ತಿ, 27,000ದಿಂದ 40,000 ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಮಂದಿ ಮುಸಲ್ಮಾನರು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರವೂ ಕಲಬುರ್ಗಿಯೂ ಸೇರಿದ್ದುವು. ಈ ವರದಿಯು ದಶಕಗಳ ಕಾಲ ಮರೆಯಲ್ಲಿದ್ದು, ಜನರ ಕಣ್ಣಿಗೆ ಬಿದ್ದುದು 2013ರ ಸುಮಾರಿಗೆ. ಗೆದ್ದವರ ಪುರಾಣದಲ್ಲಿ ಇದಕ್ಕೆ ಪುಟವಿರಲಿಲ್ಲ, ಪೊಟ್ಟಲಕೆರೆಯ ಜೈನನಿಗೆ ಪುಟವಿಲ್ಲದಂತೆಯೇ.

ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತುಂಟು. ಹಿಂದೂಗಳು ತಮ್ಮ ಮುಸಲ್ಮಾನ ನೆರೆಯವರಿಗೆ ಆಶ್ರಯಕೊಟ್ಟು ಕಾಪಾಡಿದ ಸಂಗತಿಗಳನ್ನು ಸಮಿತಿಯು ಗುರುತು ಮಾಡಿಕೊಂಡಿದೆ. ಒಂದೇ ಕಸುಬಿನವರಲ್ಲಿ ಈ ಬಾಂಧವ್ಯವು ಹೆಚ್ಚಾಗಿತ್ತಂತೆ. ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಉಳಿಸಲು ತಮ್ಮವರನ್ನೇ ಎದುರಿಸಿ ನಿಂತು ಪ್ರಾಣವನ್ನೂ ತೆತ್ತರು. ಜೇಡರ ದಾಸಿಮಯ್ಯನ ಕಸುಬಿನವರು!

ನಮ್ಮ ಶಾಲೆಯಲ್ಲಿ ಕಥೆ ಬರೆಯುವ ಹವ್ಯಾಸವುಳ್ಳ ಹುಡುಗ ಹುಡುಗಿಯರಿದ್ದಾರೆ. ರಾಜಾಧಿರಾಜರನ್ನು ಕುರಿತು ಅವರು ಧಾರಾಳವಾಗಿ ಬರೆಯುತ್ತಾರೆ, ಈ ಸಂಚಿಕೆಯಲ್ಲಿಯೇ ಎರಡು ಮೂರು ಇರಬಹುದು. ಅವರಲ್ಲಿ ಯಾರಾದರೂ ಮುಂದೆ ಆ ನೇಕಾರನ ಮನೆಯನ್ನು ಹೊಕ್ಕು ಬರೆಯಲಿ ಎಂಬುದು ನನ್ನ ಬಯಕೆ. ಸಮಿತಿಯು ಎಣಿಸಬಲ್ಲುದನ್ನು ಎಣಿಸಿತು, ಕೇಳಬಲ್ಲುದನ್ನು ಕೇಳಿತು. ಬಾಗಿಲು ತಟ್ಟಿದ ಸದ್ದಿಗೆ ಮಗ್ಗ ನಿಂತುದು, ಗಂಡಹೆಂಡಿರು ಒಬ್ಬರ ಮುಖವನ್ನೊಬ್ಬರು ನೋಡಿದುದು, ದೀಪವನ್ನು ಸಣ್ಣದು ಮಾಡಿ ಅಗುಳಿಯ ಮೇಲೆ ಕೈಯಿಟ್ಟುದು, ಇವು ಯಾವ ವರದಿಗೂ ಸಿಕ್ಕುವಂಥವಲ್ಲ.