ಒಳ್ಳೆ ಕಾಳು ಮಂಡಿಗೆ, ಜೊಳ್ಳು ಅಡುಗೆಮನೆಗೆ: ಇನ್ನು ಸಾಕು

ಈ ಸಲ ಬರೀತಿರೋದು ಸೊರಗು ರೋಗದ ಬಗ್ಗೆ ಅಲ್ಲ, ಬೋರ್ಡೋ ಬಗ್ಗೆ ಅಲ್ಲ, ರೇಟಿನ ಬಗ್ಗೆಯೂ ಅಲ್ಲ. ಕಾಳುಮೆಣಸು ಪುಡಿ ಮಾಡೋ ಗೇಣುದ್ದದ ಒಂದು ಸಾಮಾನಿನ ಬಗ್ಗೆ. ನಗಬೇಡಿ. ಓದಿ ಮುಗಿಸಿದ ಮೇಲೆ ನಿಮ್ಮ ಅಟ್ಟದ ಮೇಲಿರೋ ಚೀಲ ಒಮ್ಮೆ ಬಿಚ್ಚಿ ನೋಡೋಣ ಅನ್ನಿಸಿದ್ರೆ ಸಾಕು, ಬರೆದದ್ದಕ್ಕೆ ಲುಕ್ಸಾನಿಲ್ಲ.

ಯುಗಾದಿ ಕಳೆದು ಒಂದು ವಾರಕ್ಕೆ ತಂಗಿ ಮಗಳು ಬೆಂಗಳೂರಿಂದ ಬಂದಿದ್ದಳು. ಬರುವಾಗ ಒಂದು ಪೆಪ್ಪರ್ ಗ್ರೈಂಡರ್ ತಂದಳು. ಗ್ರೈಂಡರ್ ಅಂದ್ರೆ ದೋಸೆಹಿಟ್ಟು ರುಬ್ಬೋದಲ್ಲ. ಒಳಗೆ ಇಡೀ ಕಾಳು ತುಂಬಿ ತಲೆ ತಿರುವಿದ್ರೆ ಕೆಳಗೆ ಪುಡಿ ಉದುರೋ ಸಣ್ಣ ಕೈಗಿರಣಿ. "ಮಾವ, ಇಷ್ಟು ಮೆಣಸು ಬೆಳೀತೀರಿ, ಊಟಕ್ಕೆ ಕೂತಾಗ ಮಾತ್ರ ಆ ಹಳೇ ಡಬ್ಬಿ ಪುಡಿ ಹಾಕ್ಕೊತೀರಲ್ಲ" ಅಂದಳು. ಅಡುಗೆಮನೆ ಡಬ್ಬಿಯಲ್ಲಿದ್ದ ಕಾಳನ್ನೇ ತುಂಬಿಸಿದೆವು. ಮೂರು ಸುತ್ತು ತಿರುಗಿತು, ನಾಲ್ಕನೇ ಸುತ್ತಿಗೆ ಗಕ್ಕನೆ ನಿಂತಿತು. ಪೇಟೆ ಸಾಮಾನು ಇಷ್ಟೇ ಕಣೇ ಅಂತ ನಾನು ನಕ್ಕೆ.

ಅವಳು ಸುಮ್ಮನಿರಲಿಲ್ಲ, ಬಿಚ್ಚಿದಳು. ಒಳಗೆ ಕಾಳು ಒಡೆದೇ ಇರಲಿಲ್ಲ. ಚಪ್ಪಟೆಯಾಗಿ, ಹಲ್ಲಿನ ಸಂದಿಗೆ ಮೇಣದ ಹಾಗೆ ಮೆತ್ತಿಕೊಂಡಿತ್ತು. ಅದನ್ನು ಕೆರೆದು ತೆಗೆದು, ಮಂಡಿಗೆ ಕಳಿಸೋಕೆ ಇಟ್ಟಿದ್ದ ಚೀಲದಿಂದ ಒಂದು ಹಿಡಿ ತಂದುಕೊಟ್ಟೆ. ಅದು ಮೊದಲ ಕೊಯ್ಲಿನದ್ದು. ಬಿದಿರು ಬುಟ್ಟಿಯಲ್ಲಿ ಒಂದು ನಿಮಿಷ ಕುದಿಯುವ ನೀರಿಗೆ ಅದ್ದಿ, ಐದು ದಿನ ಖಡಕ್ ಬಿಸಿಲು ತಿಂದದ್ದು. ಕರಕರ ಅಂತ ಪುಡಿ ಬಿತ್ತು, ಜಗಲಿವರೆಗೂ ಪರಿಮಳ. "ಮಾವ, ಗಿರಣಿ ಸರಿ ಇದೆ. ಮೆಣಸೇ ಹಸಿ."

ಇಪ್ಪತ್ತು ವರ್ಷದ ಮೇಲಾಯ್ತು ನಾನು ಮೆಣಸು ಬೆಳೀತಾ. ಆ ಮಾತಿಗೆ ಉತ್ತರ ಕೊಡಲಿಕ್ಕಾಗಲಿಲ್ಲ. ಯಾಕಂದ್ರೆ ಅಡುಗೆಮನೆ ಡಬ್ಬಿಗೆ ಬಂದದ್ದು ಕೊನೇ ಕೊಯ್ಲಿನ ಮೆಣಸು. ಆಗ ಮೋಡ ಕಟ್ಟಿತ್ತು, ಅಡಕೆ ಕೆಲಸವೂ ಮುಗಿದಿರಲಿಲ್ಲ. ಎರಡು ದಿನ ಬಿಸಿಲು, ಒಂದು ದಿನ ಟಾರ್ಪಾಲು ಅಂತ ಹೇಗೋ ಮುಗಿಸಿದ್ದೆ. ಅದೇ ಲಾಟಿನ ಎರಡು ಚೀಲ, ತಲಾ ಐವತ್ತು ಕಿಲೋ, ರೇಟು ಏರಲಿ ಅಂತ ಅಟ್ಟದ ಮೇಲೆ ಕೂತಿತ್ತು. ಸಂಜೆಗೇ ಹತ್ತಿ ಬಿಚ್ಚಿದೆ. ಮೇಲ್ಗಡೆ ಚೆನ್ನಾಗೇ ಇತ್ತು. ಮೊಣಕೈವರೆಗೆ ಕೈ ಇಳಿಸಿದ್ರೆ ತಳದಲ್ಲಿ ಮುಗ್ಗಲು ವಾಸನೆ, ಅಲ್ಲಲ್ಲಿ ಬಿಳಿ ಬೂಸ್ಟು.

ಮಾರನೇ ದಿನವೇ ಅಂಗಳಕ್ಕೆ ಹರವಿದೆ. ಬೂಸ್ಟು ಹಿಡಿದ ಮೂರು ಕಿಲೋ ಆರಿಸಿ ಎಸೆದೆ. ತೊಳೆದು ಒಣಗಿಸಿ ಮತ್ತೆ ಸೇರಿಸಲಿಲ್ಲ, ನೀವೂ ಸೇರಿಸಬೇಡಿ, ಬೂಸ್ಟಿನ ವಿಷ ಕುದಿಸಿದ್ರೂ ಹೋಗಲ್ಲ. ಉಳಿದದ್ದು ಇನ್ನೆರಡು ದಿನ ಒಣಗಿದಾಗ ನಾಲ್ಕೂವರೆ ಕಿಲೋ ತೂಕ ಇಳೀತು. ಇಷ್ಟೂ ನೀರನ್ನು ನಾನು ಮೆಣಸು ಅಂತ ಕಟ್ಟಿಟ್ಟಿದ್ದೆ. ಮಳೆಗಾಲ ಅದರ ಮೇಲೆ ಕೂತಿದ್ರೆ ಎರಡೂ ಚೀಲ ಹೋಗ್ತಿತ್ತು.

ಇದು ನನಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ಯೋಚಿಸಿದೆ. ಉತ್ತರ ಸರಳ: ನಾನು ಮಾರೋದನ್ನ ನಾನು ತಿನ್ನಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ಕಥೆ. ಆರಿಸಿದ ದಪ್ಪ ಕಾಳು ಮಂಡಿಗೆ. ಜೊಳ್ಳು, ಒಡಕು, ಗೊಂಚಲಿನ ಕಡ್ಡಿ ಸೇರಿದ್ದು, ನೆಲಕ್ಕೆ ಬಿದ್ದು ಹೆಕ್ಕಿದ್ದು ಅಡುಗೆಮನೆಗೆ. ಅದನ್ನೂ ವರ್ಷಕ್ಕೆ ಎರಡು ಸಲ ಮಿಕ್ಸಿಗೆ ಹಾಕಿ ಡಬ್ಬಿ ತುಂಬಿ ಇಡ್ತೀವಿ. ಕೆಲವರಂತೂ ಅಂಗಡಿಯಿಂದ ಪುಡಿ ಪ್ಯಾಕೆಟ್ ತರ್ತಾರೆ. ಹಾಲು, ಅಕ್ಕಿ, ಬಾಳೆಹಣ್ಣು ಎಲ್ಲ ನಾವೇ ತಿಂದು ನೋಡಿ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತೀವಿ. ಮೆಣಸನ್ನು ಮಾತ್ರ ವ್ಯಾಪಾರಿ ನೋಡಿ ಹೇಳಬೇಕು.

ವ್ಯಾಪಾರಿ ಏನು ನೋಡ್ತಾನೆ? ಲೀಟರಿಗೆ ಎಷ್ಟು ಗ್ರಾಂ ತೂಗುತ್ತೆ, ಬಣ್ಣ ಹೇಗಿದೆ, ತೇವ ಎಷ್ಟು. ದಪ್ಪದ ಲೆಕ್ಕದಲ್ಲಿ 4.25 ಮಿಲಿಮೀಟರ್ ಜರಡಿ ಮೇಲೆ ನಿಂತರೆ ತಲಚೇರಿ ಎಕ್ಸ್‌ಟ್ರಾ ಬೋಲ್ಡ್. ಎಲ್ಲ ಬೇಕಾದ ಅಳತೆಗಳೇ, ತಪ್ಪಿಲ್ಲ. ಆದ್ರೆ ಜರಡಿಗೆ ಮೂಗಿಲ್ಲ. ಮೆಣಸಿನಲ್ಲಿ ಎರಡು ಸರಕಿದೆ. ಒಂದು ಖಾರ, ಅದು ಪೈಪರಿನ್‌ನಿಂದ ಬರೋದು, ಸುಲಭಕ್ಕೆ ಹಾರಿಹೋಗಲ್ಲ. ಇನ್ನೊಂದು ಪರಿಮಳ, ಅದು ಎಣ್ಣೆ. ಕಾಳು ಇಡಿಯಾಗಿ ಒಣಗಿರೋವರೆಗೆ ಒಳಗಿರುತ್ತೆ, ಪುಡಿಯಾದ ಗಳಿಗೆಯಿಂದ ಹಾರೋಕೆ ಶುರು. ಆರು ತಿಂಗಳ ಡಬ್ಬಿ ಪುಡಿಯಲ್ಲಿ ಉಳಿದಿರೋದು ಬರೀ ಖಾರ. ಅದನ್ನೇ ತಿಂದು ತಿಂದು ಮೆಣಸು ಅಂದ್ರೆ ಖಾರ ಅಂತ ನಮ್ಮ ನಾಲಿಗೆಯೇ ತೀರ್ಮಾನ ಮಾಡಿಬಿಟ್ಟಿದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಇದೇ ಸೀಮೆಯ ಮೆಣಸಿಗಾಗಿ. ಆ ಪರಿಮಳಕ್ಕೆ ಸಮುದ್ರ ದಾಟಿ ಜನ ಬಂದರು. ನಾವು ಅಂಗಳದಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಅದನ್ನು ಕಳೀತಾ ಇದ್ದೀವಿ.

ಅದಕ್ಕೇ ನನ್ನ ಅಭಿಪ್ರಾಯ: ಮೆಣಸು ಬೆಳೆಯುವ ಮನೆಯಿಂದ ಪುಡಿ ಡಬ್ಬಿ ಹೊರಗೆ ಹೋಗಬೇಕು. ಇಡೀ ಕಾಳು ಒಳಗೆ ಬರಬೇಕು, ಬೇಕಾದಾಗ ಬೇಕಾದಷ್ಟೇ ಪುಡಿಯಾಗಬೇಕು.

ಇದಕ್ಕೆ ಗಿರಣಿ ಯಾಕೆ, ಕುಟ್ಟಾಣಿ ಇಲ್ವಾ ಅಂತ ನಮ್ಮನೆಯವಳು ಕೇಳಿದಳು. ಅವಳ ಮಾತು ಮುಕ್ಕಾಲು ಪಾಲು ನಿಜ. ಸಾರಿಗೆ, ಕಷಾಯಕ್ಕೆ, ಹುಗ್ಗಿಗೆ ಕಲ್ಲಿನ ಕುಟ್ಟಾಣಿಯೇ ಸರಿ. ಜೀರಿಗೆ, ಬೆಳ್ಳುಳ್ಳಿ ಜೊತೆಗೇ ಜಜ್ಜಬಹುದು, ಕೈಗೆ ಹದ ಗೊತ್ತಾಗುತ್ತೆ, ಹಾಳಾಗೋ ಭಾಗವೇ ಇಲ್ಲ. ದುಡ್ಡು ಒಂದಕ್ಕೇ ಇದೆ ಅಂದ್ರೆ ಕುಟ್ಟಾಣಿಯನ್ನೇ ತಗೊಳ್ಳಿ. ಗಿರಣಿ ಬೇಕಾಗೋದು ಎಲೆ ಮುಂದೆ ಕೂತಾಗ. ಮೊಸರನ್ನಕ್ಕೆ, ಸೌತೆಕಾಯಿ ಹೋಳಿಗೆ, ಮೊಟ್ಟೆ ತಿನ್ನೋರಿಗೆ ಆಮ್ಲೆಟ್ ಮೇಲೆ ಎರಡು ಚಿಟಿಕೆ ಹಾಕೋಕೆ ಯಾರೂ ಎದ್ದು ಹೋಗಿ ಕುಟ್ಟಲ್ಲ, ಡಬ್ಬಿಗೇ ಕೈ ಹಾಕ್ತಾರೆ. ಮಿಕ್ಸಿ ಮಾತ್ರ ಬೇಡ. ಅದರ ಬ್ಲೇಡು ಕಾಳನ್ನು ಅರ್ಧ ಹಿಟ್ಟು ಮಾಡುತ್ತೆ, ಅರ್ಧ ಹಾಗೇ ಬಿಡುತ್ತೆ, ಬಿಸಿಯಾಗಿ ಪರಿಮಳವನ್ನೂ ಓಡಿಸುತ್ತೆ. ಮುಚ್ಚಳ ತೆಗೆದಾಗ ಮೂಗಿಗೆ ಹೊಡೆಯೋದು ಸಾರಿಗೆ ಬರಬೇಕಾದದ್ದೇ.

ಇನ್ನು ಹದದ ಮಾತು. ಎಲ್ಲಕ್ಕೂ ಒಂದೇ ಪುಡಿ ಹಾಕೋದು ನಾವು ಮಾಡೋ ಎರಡನೇ ತಪ್ಪು.

ಒಡಕು ಹದ: ಕಾಳು ಎರಡೋ ನಾಲ್ಕೋ ಚೂರಾದರೆ ಸಾಕು. ಹುಗ್ಗಿಗೆ, ತುಪ್ಪದ ಒಗ್ಗರಣೆಗೆ ಇದು. ಮೆಣಸಿನ ಖಾರ ನೀರಿಗೆ ಸರಿಯಾಗಿ ಬಿಡಲ್ಲ, ಜಿಡ್ಡಿಗೆ ಬಿಡುತ್ತೆ. ಇಡೀ ಕಾಳು ಹಾಕಿದ್ರೆ ತುಪ್ಪ ಒಳಗೆ ಇಳಿಯಲ್ಲ, ತಿನ್ನೋರು ಆರಿಸಿ ಎಲೆ ತುದಿಗೆ ಇಡ್ತಾರೆ. ನುಣ್ಣಗಿನ ಪುಡಿ ಹಾಕಿದ್ರೆ ಬಿಸಿ ತುಪ್ಪದಲ್ಲಿ ಸೀದು ಕಹಿ. ಒಡಕು ಎರಡಕ್ಕೂ ಮಧ್ಯೆ.

ರವೆ ಹದ: ಉಪ್ಪಿಟ್ಟಿನ ರವೆಯಷ್ಟು ತರಿ. ಮೆಣಸಿನ ಸಾರು, ಕಷಾಯ, ಮೊಸರನ್ನ, ಮೊಟ್ಟೆ, ಕೋಳಿ ಸುಕ್ಕ ಎಲ್ಲಕ್ಕೂ ಹೊಂದೋದು ಇದೇ. ಸಾರಿಗಾದ್ರೆ ಒಂದು ಕಿವಿಮಾತು. ಪೂರ್ತಿ ಮೆಣಸು ಮೊದಲೇ ಹಾಕಿ ಕುದಿಸಬೇಡಿ. ಅರ್ಧ ಕುದಿಯುವಾಗ, ಇನ್ನರ್ಧ ಒಲೆಯಿಂದ ಇಳಿಸಿ ಮುಚ್ಚುವ ಮುಂಚೆ. ಮೊದಲಿನದ್ದು ಖಾರಕ್ಕೆ, ಆಮೇಲಿನದ್ದು ಪರಿಮಳಕ್ಕೆ.

ನುಣ್ಣನೆ ಹದ: ಪಾನಕ, ಮಸಾಲೆ ಮಜ್ಜಿಗೆ, ತಂಬುಳಿ, ಮಕ್ಕಳ ತುಪ್ಪದನ್ನ. ಪಾನಕಕ್ಕೆ ತರಿ ಹಾಕಿದ್ರೆ ಎಲ್ಲ ತಳಕ್ಕೆ ಹೋಗಿ ಕೊನೇ ಗುಟುಕು ಕುಡಿದವನು ಕೆಮ್ಮುತ್ತಾ ಏಳ್ತಾನೆ. ನುಣ್ಣಗಾದಷ್ಟೂ ನಾಲಿಗೆಗೆ ಖಾರ ಬೇಗ ತಾಗುತ್ತೆ, ಆದ್ದರಿಂದ ಅಳತೆ ಕಡಿಮೆ ಮಾಡಿ. ಚಮಚದ ಲೆಕ್ಕ ಒಂದೇ ಇಟ್ಟು ಹದ ಬದಲಾಯಿಸಿದ್ರೆ ಅಡುಗೆ ಕೆಡುತ್ತೆ, ನಮ್ಮನೆಯಲ್ಲಿ ಕೆಟ್ಟಿದೆ.

ಈ ಮೂರೂ ಹದ ಕೊಡದ ಗಿರಣಿ ತಗೊಳ್ಳೋದು ದಂಡ. ಆರಿಸುವಾಗ ನಾನು ನೋಡಿ ಅಂತ ಹೇಳೋದು ಇಷ್ಟು.

ಮೊದಲು ಹಲ್ಲು. ಹೊರಗಿನ ಮರದ ಕೆತ್ತನೆ, ಹೊಳಪು ನೋಡಿ ಮರುಳಾಗಬೇಡಿ. ಇವತ್ತು ಕಾರಿಗೆ ಹೆಸರಾದ ಫ್ರಾನ್ಸಿನ ಪೆಝೋ ಕಾರು ಮಾಡೋಕೆ ಮೊದಲೇ, 1874ರಿಂದ, ಮೆಣಸಿನ ಗಿರಣಿ ಮಾಡ್ತಿದೆ. ಅದು ಹೆಸರು ಮಾಡಿದ್ದು ಹದಗೊಳಿಸಿದ ಉಕ್ಕಿನ ಹಲ್ಲಿನಿಂದ. ಅದರ ಮೇಲಿನ ಹಲ್ಲು ಕಾಳನ್ನು ಮೊದಲು ಒಡೆಯುತ್ತೆ, ಕೆಳಗಿನದ್ದು ಆಮೇಲೆ ಅರೆಯುತ್ತೆ. ಅಷ್ಟು ದುಡ್ಡು ನಾವು ಹಾಕಬೇಕಿಲ್ಲ, ತತ್ವ ಅರ್ಥವಾದರೆ ಸಾಕು. ಉಕ್ಕಿನ ಹಲ್ಲು ಕಾಳನ್ನು ಚೆನ್ನಾಗಿ ಒಡೆಯುತ್ತೆ, ಆದ್ರೆ ನಮ್ಮ ಜುಲೈ, ಆಗಸ್ಟಿನ ತೇವಕ್ಕೆ ಸಾದಾ ಉಕ್ಕು ತುಕ್ಕು ಹಿಡಿಯುತ್ತೆ. ಅದರಲ್ಲಿ ಕಲ್ಲುಪ್ಪಂತೂ ಹಾಕಲೇಬಾರದು. ಸೆರಾಮಿಕ್ ಹಲ್ಲಿಗೆ ತುಕ್ಕಿಲ್ಲ. ಸ್ವಲ್ಪ ನಿಧಾನ, ಕಾಳಿನ ಜೊತೆ ಸಣ್ಣ ಕಲ್ಲು ಹೋದರೆ ಚಕ್ಕೆ ಏಳಬಹುದು. ಮಲೆನಾಡಿಗೆ ಸೆರಾಮಿಕ್ ವಾಸಿ ಅಂತ ನನಗನ್ನಿಸುತ್ತೆ. ಕಲ್ಲು ಆರಿಸೋದು ನಮ್ಮ ಕೈಲಿದೆ, ಮಳೆ ನಿಲ್ಲಿಸೋದು ಇಲ್ಲ. ಪ್ಲಾಸ್ಟಿಕ್ ಹಲ್ಲಿನದ್ದು, ಅಂಗಡಿಯಲ್ಲಿ ಮೆಣಸು ತುಂಬಿಯೇ ಮಾರುವ ಬಾಟಲಿ, ಎರಡೂ ಬೇಡ. ಹಲ್ಲು ಸವೆದ ಪ್ಲಾಸ್ಟಿಕ್ ಎಲ್ಲಿ ಹೋಗುತ್ತೆ ಅಂದ್ರೆ ನಮ್ಮ ಎಲೆಗೆ.

ಎರಡನೇದು ಹದದ ತಿರುಪು. ಬಿಗಿ ಮಾಡಿದ್ರೆ ನುಣ್ಣಗೆ, ಸಡಿಲ ಮಾಡಿದ್ರೆ ತರಿ ಬರಬೇಕು. ಅಂಗಡಿಯಲ್ಲೇ ತಿರುಗಿಸಿ ನೋಡಿ, ಎರಡು ಸುತ್ತಿಗೆ ತಾನಾಗಿ ಸಡಿಲವಾಗೋದು ಬೇಡ.

ಮೂರನೇದು ಬಾಯಿ ಅಗಲ. ನಮ್ಮ ಪಣಿಯೂರು-1 ಕಾಳು ದಪ್ಪ. ಸಣ್ಣ ಬಾಯಿಯ ಗಿರಣಿಯಲ್ಲಿ ಅದು ಹಲ್ಲಿಗೆ ಇಳಿಯದೆ ಮೇಲೇ ನಿಂತುಬಿಡುತ್ತೆ. ಕೊಳ್ಳೋಕೆ ಹೋಗುವಾಗ ಜೇಬಿನಲ್ಲಿ ನಿಮ್ಮದೇ ನಾಲ್ಕು ಕಾಳು ಒಯ್ಯಿರಿ. ಬ್ಯಾಟರಿಯದ್ದು ನನಗೆ ಸೇರಲಿಲ್ಲ. ಆದ್ರೆ ಕೈಗಂಟು ನೋವಿರೋ ಹಿರಿಯರು ಮನೆಯಲ್ಲಿದ್ರೆ ಅವರಿಗೆ ಅದೇ ಸರಿ.

ಬಳಸುವಾಗ ಕುದಿಯುವ ಪಾತ್ರೆ ಮೇಲೆ ಹಿಡಿದು ತಿರುವಬೇಡಿ. ಹಬೆ ಒಳಗೆ ಹೋಗಿ ಪುಡಿ ಗಂಟು ಕಟ್ಟುತ್ತೆ. ತಟ್ಟೆಗೆ ಉದುರಿಸಿಕೊಂಡು ಹಾಕಿ. ನೀರಲ್ಲಿ ತೊಳೆಯಬೇಡಿ, ಒಣ ಬ್ರಷ್ ಸಾಕು. ಹದಿನೈದು ದಿನಕ್ಕಾಗುವಷ್ಟೇ ತುಂಬಿ, ಉಳಿದದ್ದು ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿ, ಒಲೆಯಿಂದ ದೂರ ಇರಲಿ.

ಗಿರಣಿ ಕಾಳು ನುಂಗದೆ ನಿಂತರೆ ಗಿರಣಿಯನ್ನು ಬೈಯೋ ಮುಂಚೆ ಒಂದು ಕಾಳು ಹಲ್ಲಿನಲ್ಲಿ ಕಚ್ಚಿ. ಸರಿಯಾಗಿ ಒಣಗಿದ್ದು ಕಟ್ ಅಂತ ಒಡೆಯುತ್ತೆ. ಒತ್ತಿದಾಗ ಜಗ್ಗಿದ್ರೆ ತೇವ ಇದೆ. ಇದೇನೂ ಮೀಟರ್ ಅಲ್ಲ. ಶೇಕಡಾ 11ರ ಹತ್ತಿರ ತೇವ ಬಂದಿದೆಯೋ ಇಲ್ಲವೋ ಅಂತ ಖಚಿತಕ್ಕೆ ಮೀಟರೇ ಬೇಕು. ಆದ್ರೆ ಕೆಟ್ಟದ್ದನ್ನು ಚೀಲ ಹೊಲಿಯೋಕೆ ಮುಂಚೆ ಹಿಡಿಯೋಕೆ ಇಷ್ಟು ಸಾಕು. ನಾನು ಇನ್ನು ಪ್ರತಿ ಲಾಟಿನಿಂದ ಒಂದು ಹಿಡಿ ಗಿರಣಿಗೆ ಹಾಕಿ ತಿರುಗಿಸಿ, ಮೂಸಿ ನೋಡಿಯೇ ಚೀಲ ಕಟ್ಟೋದು. ಮಲ್ಲಿಗೆಸರದ್ದೊಂದು, ಪಣಿಯೂರಿನದ್ದೊಂದು ಅಂತ ಎರಡು ಭರಣಿ ಬೇರೆ ಇಟ್ಟಿದ್ದೇನೆ. ಎರಡರ ವಾಸನೆ ಬೇರೆ ಬೇರೆ ಅಂತ ಇಷ್ಟು ವರ್ಷಕ್ಕೆ ಈಗ ಗೊತ್ತಾಯ್ತು, ಹೇಳ್ಕೊಳ್ಳೋಕೆ ನಾಚಿಕೆ.

ಮುಂದಿನ ಕೊಯ್ಲಿನಿಂದ ಮಾಡಬೇಕು ಅಂದ್ಕೊಂಡಿರೋದು ಇಷ್ಟೇ. ಮೊದಲ ಕೊಯ್ಲಿನ ಒಳ್ಳೆ ಮೆಣಸು ಒಣಗಿದ ದಿನ, ತಕ್ಕಡಿಗೆ ಹೋಗೋ ಮುಂಚೆ, ಎರಡು ಕಿಲೋ ಅಡುಗೆಮನೆಗೆ. ನಮ್ಮನೆಗೆ ವರ್ಷಕ್ಕೆ ಅಷ್ಟು ಸಾಕು. ಇವತ್ತಿನ ರೇಟಿನಲ್ಲಿ ಎರಡು ಕಿಲೋ ತಿನ್ನೋದು ದುಬಾರಿ ಅಂತ ಒಬ್ಬರು ಹೇಳಿದರು. ಈ ಸಲ ಬೂಸ್ಟು ಹಿಡಿದು ತಿಪ್ಪೆಗೆ ಹೋದದ್ದು ಮೂರು ಕಿಲೋ ಅಂತ ಅವರಿಗೂ ಹೇಳಿದ್ದೇನೆ.