ಬ್ರೇಕು ಬಿಚ್ಚಬಹುದು, ಆದ್ರೆ ಎಲ್ಲೀವರೆಗೆ?

ಬ್ರೇಕಿನ ವಿಷಯದಲ್ಲಿ ಮನೆ ರಿಪೇರಿ ಬೇಡ ಅಂತ ಹೇಳೋರೇ ಜಾಸ್ತಿ. ಕಾರ್ಬುರೇಟರ್ ಬಿಚ್ಚಿ ಎಡವಟ್ಟಾದ್ರೆ ಗಾಡಿ ಸ್ಟಾರ್ಟ್ ಆಗಲ್ಲ, ಅಷ್ಟೇ. ಬ್ರೇಕ್ ಬಿಚ್ಚಿ ಎಡವಟ್ಟಾದ್ರೆ ಗಾಡಿ ನಿಲ್ಲಲ್ಲ! ಮಾತು ಸರಿಯೇ. ಆದರೆ "ಮುಟ್ಟಲೇಬೇಡಿ" ಅನ್ನೋ ಬುದ್ಧಿವಾದ ಜನರನ್ನ ಕಾಪಾಡುತ್ತೆ ಅಂತ ನನಗನ್ನಿಸಲ್ಲ. ಕೆಲವು ಸಲ ಅದೇ ಅವರನ್ನ ಕೆಟ್ಟ ಬ್ರೇಕಿನ ಗಾಡಿ ಮೇಲೆ ಕೂರಿಸುತ್ತೆ.

ಇದಕ್ಕೆ ಒಳ್ಳೆ ಉದಾಹರಣೆ ಬಿಎಂಡಬ್ಲ್ಯು ಬೈಕುಗಳ ಸರ್ವೋ ಎಬಿಎಸ್. ಮೋಟರ್‌ಸೈಕಲ್ಲಿಗೆ ಎಬಿಎಸ್ ತಂದವರಲ್ಲಿ ಮೊದಲಿಗರು ಇವರೇ, 1988ರಲ್ಲಿ ಕೆ100 ಗಾಡಿಗೆ. 2001ರ ಸುಮಾರಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆರ್1150ಆರ್‌ಟಿ, ಕೆ1200ಎಲ್‌ಟಿ ಮುಂತಾದ ಗಾಡಿಗಳಿಗೆ ಎಲೆಕ್ಟ್ರಿಕ್ ಪಂಪಿನ ಸಹಾಯ ಇರೋ ಎಬಿಎಸ್ ಹಾಕಿದ್ರು.

ಸಾಮಾನ್ಯ ಬೈಕಿನಲ್ಲಿ ಲಿವರ್ ಒತ್ತಿದ್ರೆ ಆ ಒತ್ತಡ ಆಯಿಲ್ ಮೂಲಕ ನೇರವಾಗಿ ಕ್ಯಾಲಿಪರ್‌ಗೆ ಹೋಗುತ್ತೆ. ಸರ್ವೋದಲ್ಲಿ ಹಾಗಲ್ಲ. ನಿಮ್ಮ ಬೆರಳಿನ ಒತ್ತಡ ಟ್ಯಾಂಕಿನ ಕೆಳಗಿರೋ ಒಂದು ಡಬ್ಬಕ್ಕೆ ಹೋಗುತ್ತೆ. ಅಲ್ಲಿ ಪಂಪು "ಝುಂಯ್" ಅಂತ ತಿರುಗಿ, ಬೇರೆಯದೇ ಆಯಿಲ್ ಸರ್ಕ್ಯೂಟಿನಲ್ಲಿ ಒತ್ತಡ ಹುಟ್ಟಿಸಿ ಚಕ್ರ ಹಿಡಿಯುತ್ತೆ. ಎರಡೇ ಬೆರಳಲ್ಲಿ ಭಾರೀ ಗಾಡಿ ನಿಲ್ಲುತ್ತೆ, ನಿಜ. ಆದ್ರೆ ಕೀ ಆಫ್ ಆಗಿದ್ರೆ, ಅಥವಾ ಪಂಪು ಕೈಕೊಟ್ರೆ, ಉಳಿಯೋದು ಅಲ್ಪಸ್ವಲ್ಪ ಬ್ರೇಕು ಮಾತ್ರ. ಲಿವರನ್ನ ಬಲವಾಗಿ ಹಿಂಡಬೇಕು. ಬಿಎಂಡಬ್ಲ್ಯುನವರೇ 2007ರ ಮಾಡೆಲ್ಲುಗಳ ಹೊತ್ತಿಗೆ ಈ ಸರ್ವೋ ಕೈಬಿಟ್ಟು ಬೇರೆ ಎಬಿಎಸ್‌ಗೆ ಹೋದ್ರು.

ಆ ಗಾಡಿಗಳು ಯೂರೋಪು, ಅಮೆರಿಕಾದಲ್ಲಿ ಇನ್ನೂ ಓಡ್ತಾ ಇವೆ. ಇಂಜಿನ್ನು ಗಟ್ಟಿ, ಡಬ್ಬ ಮಾತ್ರ ಮುದಿ. ಡಬ್ಬ ಹೋದ್ರೆ ಹೊಸದರ ಬೆಲೆ ಹಳೇ ಗಾಡಿಯ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತೆ. ಆಗ ಮಾಲೀಕನ ಮುಂದೆ ಇರೋ ದಾರಿ ನಾಲ್ಕು: ದುಡ್ಡು ಸುರಿಯೋದು, ಡಬ್ಬ ಕಿತ್ತು ಸಾದಾ ಪೈಪು ಎಳೆಯೋದು, ತಾನೇ ರಿಪೇರಿ ಮಾಡೋದು, ಅಥವಾ ಮಿಣುಕೋ ದೀಪದ ಮೇಲೆ ಟೇಪ್ ಅಂಟಿಸಿ ಓಡಿಸೋದು. ನಾಲ್ಕನೇದೇ ಎಲ್ಲಕ್ಕಿಂತ ಅಪಾಯ. "ಮುಟ್ಟಬೇಡಿ" ಅನ್ನೋ ಮಾತು ಖಾಲಿ ಜೇಬಿನವನನ್ನ ಅಲ್ಲಿಗೇ ತಳ್ಳುತ್ತೆ.

ಹಾಗಾದ್ರೆ ಮನೇಲಿ ಎಲ್ಲೀವರೆಗೆ ಕೈ ಹಾಕಬಹುದು? ನನ್ನ ಲೆಕ್ಕದಲ್ಲಿ ಮೂರು ಗೆರೆಗಳಿವೆ.

ಮೊದಲನೇದು, ಡಬ್ಬದ ಹೊರಗಿನದು. ದೀಪ ಮಿಣುಕಿದ ತಕ್ಷಣ ಡಬ್ಬ ಸತ್ತಿದೆ ಅಂದ್ಕೋಬೇಡಿ. ಬ್ಯಾಟರಿ ವೀಕ್ ಇದ್ದು ಸೆಲ್ಫ್ ಹೊಡೆದಾಗ ವೋಲ್ಟೇಜ್ ಬಿದ್ರೂ ಎಬಿಎಸ್ ಮುನಿಸ್ಕೊಳ್ಳುತ್ತೆ. ಚಕ್ರದ ಸೆನ್ಸರಿಗೆ ಕೊಳೆ ಹಿಡಿದ್ರೂ, ಲಿವರಿನ ಬ್ರೇಕ್ ಲೈಟ್ ಸ್ವಿಚ್ ಸಿಕ್ಕಿಹಾಕ್ಕೊಂಡ್ರೂ, ಅರ್ತಿಂಗ್ ತುಕ್ಕು ಹಿಡಿದ್ರೂ ಇದೇ ಕತೆ. ಇದನ್ನೆಲ್ಲ ನೋಡೋಕೆ ಒಂದು ಮಲ್ಟಿಮೀಟರ್, ಒಂದು ಬಟ್ಟೆ, ಸ್ವಲ್ಪ ತಾಳ್ಮೆ ಸಾಕು. ಯಾರು ಬೇಕಾದ್ರೂ ಮಾಡಬಹುದು, ಮಾಡಲೇಬೇಕು.

ಎರಡನೇದು ಬ್ರೇಕ್ ಆಯಿಲ್. ಡಾಟ್ 4 ಆಯಿಲ್ ಗಾಳಿಯ ತೇವ ಹೀರುತ್ತೆ. ಮಾನದಂಡದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ್ದಕ್ಕೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತೆ. ತೇವ ಡಬ್ಬದ ಒಳಗೆ ತುಕ್ಕನ್ನೂ ತರುತ್ತೆ. ಸರ್ವೋ ಗಾಡಿಯಲ್ಲಿ ಆಯಿಲ್ ಬದಲಿಸೋಕೆ ಟ್ಯಾಂಕ್ ಇಳಿಸಬೇಕು, ಡಬ್ಬದ ಮೇಲಿನ ಬಾಯಿಗೆ ಸರಿಯಾದ ಆಲಿಕೆ ಕೂರಿಸಬೇಕು, ಪಂಪು ಓಡಿಸುತ್ತಾ ಏರ್ ತೆಗೀಬೇಕು. ಎಷ್ಟೋ ಮಂದಿ ಈ ರಗಳೆಗೇ ಹೆದರಿ ಮುಂದೂಡ್ತಾರೆ. ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲಿಟ್ಟುಕೊಂಡು ಅದರ ಕ್ರಮದಲ್ಲೇ ಮಾಡೋರಿಗೆ ಇದೂ ಮನೆಗೆಲಸವೇ. ಆಯಿಲ್ ಪೇಂಟ್ ಮೇಲೆ ಬಿದ್ರೆ ಬಣ್ಣ ಎದ್ದುಬರುತ್ತೆ, ಕೂಡಲೇ ನೀರು ಹಾಕಿ ತೊಳೀರಿ.

ಮೂರನೇದು ಡಬ್ಬದ ಒಳಗು. ಇಲ್ಲಿ ನಾನು ನಿಲ್ಲಿ ಅಂತೀನಿ. ಒಳಗಿನ ವಾಲ್ವು, ಪಿಸ್ಟನ್ನು, ಸೀಲುಗಳನ್ನ ಬಿಚ್ಚಿ ಜೋಡಿಸಬಹುದೇನೋ, ಆದ್ರೆ ಸರಿಯಾಗಿದೆ ಅಂತ ಪರೀಕ್ಷೆ ಮಾಡೋಕೆ ಮನೇಲಿ ಏನಿದೆ? ರಸ್ತೆ ಮತ್ತು ನಿಮ್ಮ ತಲೆ, ಅಷ್ಟೇ. ಎರಡೂ ಟೆಸ್ಟ್ ಬೆಂಚ್ ಅಲ್ಲ :) ಡಬ್ಬವನ್ನ ನೀವೇ ಬಿಚ್ಚಿ, ಬೆಂಚಿನ ಮೇಲೆ ಒತ್ತಡ ಕೊಟ್ಟು ಪರೀಕ್ಷಿಸೋರಿಗೆ ಕಳಿಸಿ, ವಾಪಸ್ ಬಂದ್ಮೇಲೆ ನೀವೇ ಕೂರಿಸಿ. ಆಮೇಲೂ ಮೊದಲು ನಿಂತಲ್ಲೇ ಒತ್ತಿ ಸೋರಿಕೆ ನೋಡಬೇಕು, ಆಮೇಲೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಹಿಡಿದು ನೋಡಬೇಕು.

ಡಬ್ಬ ಕಿತ್ತು ಸಾದಾ ಪೈಪು ಹಾಕೋದು? ದೀಪ ಮಿಣುಕೋ ಸರ್ವೋಗಿಂತ ಸರಿಯಾಗಿ ಎಳೆದ ಸಾದಾ ಬ್ರೇಕ್ ಮೇಲು ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಜರ್ಮನಿಯಂಥ ಕಡೆ ಬ್ರೇಕ್ ಬದಲಿಸಿದ್ರೆ ಅಧಿಕೃತ ತಪಾಸಣೆಯಾಗಿ ಒಪ್ಪಿಗೆ ಸಿಗಬೇಕು. ಆ ಕಾನೂನು ನನಗೆ ಕಿರಿಕಿರಿ ಅನ್ನಿಸಲ್ಲ, ನ್ಯಾಯ ಅನ್ನಿಸುತ್ತೆ. ನಿಮ್ಮ ಬ್ರೇಕಿಗೆ ಎದುರಿಗೆ ಬರೋನ ಜೀವವೂ ನೇತುಬಿದ್ದಿರುತ್ತಲ್ವಾ?

"ಇಲ್ಲಿ ಯಾರ ಹತ್ರ ಇದೆ ಆ ಗಾಡಿ?" ಅಂತ ಕೇಳ್ತೀರೇನೋ. ಗಾಡಿ ಇಲ್ದಿರಬಹುದು, ಪ್ರಶ್ನೆ ಬಂದಾಗಿದೆ. ನಮ್ಮಲ್ಲಿ 125 ಸಿಸಿ ಮೀರಿದ ಹೊಸ ಮಾಡೆಲ್ಲುಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾಡೆಲ್ಲುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯ್ತು. ಪುಣ್ಯಕ್ಕೆ ನಮ್ಮ ಗಾಡಿಗಳಲ್ಲಿ ಸರ್ವೋ ಇಲ್ಲ. ಕರೆಂಟ್ ಹೋದ್ರೆ ಎಬಿಎಸ್ ಹೋಗುತ್ತೆ, ಕೈಯ ಒತ್ತಡ ಚಕ್ರಕ್ಕೆ ಹೋಗ್ತಾನೇ ಇರುತ್ತೆ. ಆದ್ರೆ ಆ ಗಾಡಿಗಳೂ ಈಗ ಹಳೇದಾಗ್ತಾ ಇವೆ. ಡಬ್ಬದ ಬೆಲೆ ಕೇಳಿದವನಿಗೆ "ಬೈಪಾಸ್ ಮಾಡ್ಬಿಡೋಣ ಬಿಡಿ ಸಾರ್" ಅನ್ನೋ ಮಾತು ಸಿಹಿಯಾಗೇ ಕೇಳುತ್ತೆ.

ಅದಕ್ಕೇ ನಾನು ಹೇಳೋದು: ಕಡ್ಡಾಯ ಮಾಡಿದ್ರೆ ಸಾಲದು, ಬಿಡಿಭಾಗ, ಮ್ಯಾನ್ಯುಯಲ್ಲು, ಪರೀಕ್ಷೆಯ ಸಲಕರಣೆ ಸಾಮಾನ್ಯ ಮೆಕ್ಯಾನಿಕ್ಕಿಗೂ ಎಟುಕೋ ಹಾಗಿರಬೇಕು. ರಿಪೇರಿ ಮಾಡೋಕಾಗದ ಸುರಕ್ಷತೆ ಗಾಡಿ ಹೊಸದಿರೋವರೆಗೆ ಮಾತ್ರ. ಅಲ್ಲೀವರೆಗೆ ನಮ್ಮ ಕೈಲಾಗೋದು ಒಂದಿದೆ. ನಿಮ್ಮ ಗಾಡಿಯ ಬ್ರೇಕ್ ಆಯಿಲ್ ಕೊನೇ ಸಲ ಬದಲಿಸಿದ್ದು ಯಾವಾಗ? ನೆನಪಾಗ್ಲಿಲ್ವಾ? ಹಾಗಾದ್ರೆ ಈ ಭಾನುವಾರವೇ ನೋಡಿ.